ಹಾಲಿಗೆ ಫ್ಯಾಟು ನೋಡುವ ಊರಿನಲ್ಲಿ ನೀರನ್ನು ಅಳೆಯುವವರು ಯಾರು?

ಗೆ,
ಹಾಸನ ಜಿಲ್ಲೆಯ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಆಡಳಿತಾಧಿಕಾರಿಗಳು, ಸದಸ್ಯರು ಮತ್ತು ಪಿಡಿಒಗಳಿಗೆ. ಹಾಗೆಯೇ ಗ್ರಾಮೀಣ ಕುಡಿಯುವ ನೀರಿನ ಕಾಮಗಾರಿ ನೋಡಿಕೊಳ್ಳುವ ಎಂಜಿನಿಯರ್‌ಗಳಿಗೆ

ವಿಷಯ: ಮನೆ ನಲ್ಲಿಯ ನೀರನ್ನು ಊರಿನವರ ಜೊತೆ ಕೂತು ಅಳೆಯುವ ಬಗ್ಗೆ, ಅಳತೆಯಾಗದೆ ನೀರಿನ ಯೋಜನೆಯನ್ನು ಪಂಚಾಯಿತಿಗೆ ಹಸ್ತಾಂತರ ಮಾಡಿಕೊಳ್ಳದಿರುವ ಬಗ್ಗೆ

ಮಾನ್ಯರೇ,

ನಮ್ಮ ಜಿಲ್ಲೆಯ ಯಾವ ಊರಿನ ಡೇರಿಗೆ ಬೆಳಗಿನ ಹೊತ್ತು ಹೋದರೂ ಕಾಣುವುದು ಒಂದೇ. ಕ್ಯಾನಿನಿಂದ ಹಾಲು ಸುರಿಯುತ್ತಾರೆ, ಸ್ಯಾಂಪಲ್ ಯಂತ್ರಕ್ಕೆ ಹೋಗುತ್ತದೆ, ಲೀಟರ್ ಎಷ್ಟು, ಫ್ಯಾಟು ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂಬ ಚೀಟಿ ಕೈಗೆ ಬರುತ್ತದೆ. ನಿನ್ನೆಗಿಂತ ಮೂರು ಪಾಯಿಂಟ್ ಕಮ್ಮಿ ಬಂತೋ, ಹಾಲು ಹಾಕಿದ ಹೆಂಗಸು ಅಲ್ಲೇ ನಿಂತು ಕೇಳುತ್ತಾಳೆ. ಕಾರ್ಯದರ್ಶಿ ಅಲ್ಲೇ ಉತ್ತರ ಹೇಳಬೇಕು. ಅದೇ ಹೆಂಗಸು ಮನೆಗೆ ಹೋಗಿ ನಲ್ಲಿ ತಿರುಗಿಸಿದರೆ ಬರುವ ನೀರು ಎಷ್ಟು, ಅದರಲ್ಲಿ ಏನಿದೆ ಎಂದು ಹೇಳುವ ಚೀಟಿ ಯಾವ ಊರಲ್ಲೂ ಇಲ್ಲ. ಅಳೆಯಲು ಬಾರದ ಜನ ನಾವಲ್ಲ. ನೀರಿಗೆ ಆ ಪದ್ಧತಿ ಬರಲಿಲ್ಲ, ಅಷ್ಟೆ.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. ನಮ್ಮ ರಾಜ್ಯದಲ್ಲಿ ಅದು ‘ಮನೆ ಮನೆಗೆ ಗಂಗೆ’. ಆ ಯೋಜನೆಯ ಮಾತಿನಲ್ಲೇ ಹೇಳುವುದಾದರೆ ನಲ್ಲಿ ಕೂರಿಸುವುದು ಗುರಿಯಲ್ಲ. ತಲೆಗೆ ದಿನಕ್ಕೆ 55 ಲೀಟರ್, ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ಕ್ಕೆ ಸರಿಹೊಂದುವ ಗುಣಮಟ್ಟ, ಮತ್ತು ತಪ್ಪದೆ ಬರುವುದು, ಈ ಮೂರೂ ಸೇರಿದರೆ ಮಾತ್ರ ಸೇವೆ. ಆದರೆ ಲೆಕ್ಕಕ್ಕೆ ಹೋಗುವುದು ನಲ್ಲಿಯ ಮುಂದೆ ಮನೆಯವರನ್ನು ನಿಲ್ಲಿಸಿ ತೆಗೆದ ಫೋಟೊ ಮತ್ತು ಆಧಾರ್ ಸಂಖ್ಯೆ. ‘ಪ್ರತಿ ಮನೆಗೂ ನೀರು ಬಂದಿದೆ’ ಎಂಬ ನಿರ್ಣಯ ಗ್ರಾಮ ಸಭೆಯಲ್ಲಿ ಆಗಬೇಕು ಎಂಬುದು ನಿಯಮ. ಒಳ್ಳೆಯ ನಿಯಮವೇ. ಆದರೆ ನಿರ್ಣಯದ ಹಾಳೆ ಸಭೆಗೆ ಮೊದಲೇ ಟೈಪಾಗಿ ಬಂದು, ಹಾಜರಿ ಪುಸ್ತಕದ ಸಹಿಯೇ ಒಪ್ಪಿಗೆಯ ಸಹಿಯೂ ಆಗಿಬಿಡುವ ಸಭೆಗಳನ್ನು ಬಹಳ ಮಂದಿ ನೋಡಿದ್ದೀರಿ. ಊರಿನ ಹೆಸರು ಇಲ್ಲಿ ಬೇಡ. ಈ ಪತ್ರ ಯಾರನ್ನೋ ಕಟಕಟೆಗೆ ಎಳೆಯಲು ಬರೆದದ್ದಲ್ಲ.

ಮೊದಲು ಪ್ರಮಾಣದ ವಿಚಾರ. ಅಳೆಯಲು ಬೇಕಾದ್ದು 15 ಲೀಟರಿನ ಒಂದು ಬಕೆಟ್ಟು, ಸೆಕೆಂಡು ತೋರಿಸುವ ಒಂದು ಮೊಬೈಲು. ಬಕೆಟ್ಟು ತುಂಬಲು ಎಷ್ಟು ಹೊತ್ತಾಯಿತು, ಆ ದಿನ ನೀರು ಎಷ್ಟು ನಿಮಿಷ ಬಂತು, ಇವೆರಡೇ ಸಾಕು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಬೇಕು. ಒಂದು ಬೀದಿಗೆ 40 ನಿಮಿಷ ನೀರು ಬಿಡುತ್ತಾರೆ ಎಂದಿಟ್ಟುಕೊಳ್ಳಿ. ಟ್ಯಾಂಕಿನ ಬುಡದ ಮನೆಯಲ್ಲಿ ಬಕೆಟ್ಟು ಒಂದು ನಿಮಿಷಕ್ಕೆ ತುಂಬಿತು: 600 ಲೀಟರ್. ನಡುಬೀದಿಯ ಮನೆಯಲ್ಲಿ ಎರಡೂವರೆ ನಿಮಿಷ: 240 ಲೀಟರ್. ದಿಣ್ಣೆಯ ಮೇಲಿನ ಕೊನೆಯ ಮನೆಯಲ್ಲಿ ಏಳೂವರೆ ನಿಮಿಷ: 80 ಲೀಟರ್. ತಲೆಗೆ ಲೆಕ್ಕ ಹಾಕಿದರೆ 120, 48, 16. ಈ ಮೂರರ ಸರಾಸರಿ 61! ಕಾಗದದ ಮೇಲೆ ಊರು ಪಾಸು. ಮೂರರಲ್ಲಿ ಎರಡು ಮನೆ ಫೇಲು. ಟ್ಯಾಂಕಿನಿಂದ ದಿನಕ್ಕೆ ಇಷ್ಟು ಲೀಟರ್ ಹೊರಟಿತು, ಊರಿನ ಜನಸಂಖ್ಯೆ ಇಷ್ಟು, ಭಾಗಿಸಿ ಎನ್ನುವ ಲೆಕ್ಕದಲ್ಲಿ ಆ ಕೊನೆಯ ಮನೆ ಯಾವತ್ತೂ ಕಾಣುವುದಿಲ್ಲ. ಹಾಗಾಗಿ ಸರಾಸರಿಯನ್ನು ಬರೆಯಲೇಬೇಡಿ, ಅತಿ ಕಡಿಮೆ ಬಂದ ಮನೆಯ ಅಂಕಿಯನ್ನು ಬರೆಯಿರಿ. ಊರಿನ ನೀರಿನ ಮಟ್ಟ ಎಂದರೆ ಅದೇ.

ಯಾವ ಮನೆಗಳಲ್ಲಿ ಅಳೆಯಬೇಕು ಎಂಬುದನ್ನೂ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಅಳೆಯಲು ಬಂದವರನ್ನು ಕಾಫಿ ಕೊಟ್ಟು ಕೂರಿಸುವ ಮನೆಗಳು ಸಾಮಾನ್ಯವಾಗಿ ಮುಖ್ಯರಸ್ತೆಯಲ್ಲಿರುತ್ತವೆ, ಅಲ್ಲಿ ನೀರು ಚೆನ್ನಾಗಿಯೇ ಬರುತ್ತದೆ. ಪೈಪ್‌ಲೈನಿನ ಕಟ್ಟಕಡೆಯ ಮನೆ, ಎತ್ತರದಲ್ಲಿರುವ ಮನೆ, ಪರಿಶಿಷ್ಟರ ಕಾಲೊನಿಯ ಕೊನೆಯ ಮನೆ, ಸಕಲೇಶಪುರ–ಆಲೂರು–ಬೇಲೂರು ಕಡೆಯಾದರೆ ತೋಟದ ಕೂಲಿಯವರ ಲೈನ್ ಮನೆ, ಮತ್ತು ಊರಾಚೆ ತೋಟದ ದಾರಿಯಲ್ಲಿ ಇತ್ತೀಚೆಗೆ ಕಟ್ಟಿದ ಒಂದು ಮನೆ. ಇವು ಇರಲೇಬೇಕು. ಉಳಿದ ಮನೆಗಳನ್ನು ಚೀಟಿ ಎತ್ತಿ ಆರಿಸಿ. ದಿನವನ್ನೂ ಚೀಟಿ ಎತ್ತಿಯೇ ಗೊತ್ತು ಮಾಡಿ. ಪರಿಶೀಲನೆಗೆ ಬರುತ್ತಾರೆ ಎಂದು ಮೊದಲೇ ತಿಳಿದರೆ ಹಿಂದಿನ ರಾತ್ರಿಯೇ ಟ್ಯಾಂಕು ತುಂಬಿರುತ್ತದೆ, ಬೇರೆ ಬೀದಿಗಳ ವಾಲ್ವ್ ಮುಚ್ಚಿರುತ್ತದೆ. ಅಂದು ಎಲ್ಲ ನಲ್ಲಿಯಲ್ಲೂ ಗಂಗೆ.

ನೀರು ಯಾಕೆ ಕಡಿಮೆ ಬರುತ್ತದೆ ಎಂಬ ಪ್ರಶ್ನೆಗೆ ‘ಬೋರ್‌ನಲ್ಲಿ ನೀರಿಲ್ಲ’ ಎಂಬ ಉತ್ತರ ಸಲೀಸಾಗಿ ಬರುತ್ತದೆ. ಎಷ್ಟೋ ಕಡೆ ಕಾರಣ ಬೇರೆ. 180 ಮನೆ, 900 ಜನರ ಊರಿಗೆ ದಿನಕ್ಕೆ 49,500 ಲೀಟರ್ ಬೇಕು, 50,000 ಲೀಟರಿನ ಟ್ಯಾಂಕು ಒಂದು ಸಲ ತುಂಬಿದರೆ ಸಾಕು. ನಿಮಿಷಕ್ಕೆ 100 ಲೀಟರ್ ಎತ್ತುವ ಬೋರಾದರೆ ಟ್ಯಾಂಕು ತುಂಬಲು ಎಂಟು ಗಂಟೆ ಇಪ್ಪತ್ತು ನಿಮಿಷ. ಆ ಬೋರು ಊರಿನ ಫೀಡರಿನ (ವಿದ್ಯುತ್ ಲೈನಿನ) ಬದಲು ಹೊಲದ ಪಂಪ್‌ಸೆಟ್ಟಿನ ಫೀಡರಿನಲ್ಲಿದ್ದರೆ ಮೂರು ಫೇಸ್ ಕರೆಂಟು ಸಿಗುವುದು ಏಳು ಗಂಟೆ. ಏಳು ಗಂಟೆಗೆ 42,000 ಲೀಟರ್. ದಿನವೂ 7,500 ಲೀಟರ್ ಕೊರತೆ ಬೀಳುತ್ತದೆ, ಅದು ಬೀಳುವುದು ಕೊನೆಯ ಬೀದಿಯ ಮೇಲೆಯೇ. ಇಲ್ಲಿ ಬೇಕಾದ್ದು ಫೀಡರ್ ಬದಲಾವಣೆಯೇ ಹೊರತು ಇನ್ನೊಂದು ಬೋರಲ್ಲ. ಇಂಥದ್ದು ಊರಿಗೆ ನೀರು ಬಿಡುವ ನೀರುಗಂಟಿಗೆ ಗೊತ್ತಿರುತ್ತದೆ. ಅಂದಾಜುಪಟ್ಟಿ ಮಾಡುವಾಗ ಅವನನ್ನು ಕೇಳಿದವರು ಎಷ್ಟು ಜನ?

ಇನ್ನೊಂದು ಕಾರಣ ಸೋರಿಕೆ. ಇದನ್ನು ಹಿಡಿಯುವುದು ಕಷ್ಟವಲ್ಲ. ರಾತ್ರಿ ಟ್ಯಾಂಕು ತುಂಬಿಸಿ, ಎಲ್ಲ ಮನೆಯವರಿಗೂ ನಲ್ಲಿ ಮುಚ್ಚಲು ಹೇಳಿ, ಊರಿಗೆ ಹೋಗುವ ವಾಲ್ವ್ ತೆರೆದು ಒಂದು ಗಂಟೆ ಬಿಡಿ. ಪೈಪು ತುಂಬಿಕೊಳ್ಳಲು ಮೊದಲ ಕಾಲು ಗಂಟೆ ಬೇಕು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಟ್ಯಾಂಕಿನೊಳಗೆ ಕೋಲು ಇಳಿಸಿ ನೀರಿನ ಮಟ್ಟ ನೋಡಿ. ಮೂರು ಮೀಟರ್ ನೀರು ನಿಲ್ಲುವ 50,000 ಲೀಟರಿನ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 167 ಲೀಟರ್. ಗಂಟೆಗೆ 12 ಸೆಂಟಿಮೀಟರ್ ಇಳಿದರೆ ಎರಡು ಸಾವಿರ ಲೀಟರ್ ಮಣ್ಣಿಗೆ ಹೋಯಿತು ಎಂದರ್ಥ. ಹೆಚ್ಚಿನ ಸೋರಿಕೆ ಇರುವುದು ದೊಡ್ಡ ಪೈಪಿನಲ್ಲಲ್ಲ. ಮನೆ ಸಂಪರ್ಕಕ್ಕೆ ಪೈಪಿನ ಮೇಲೆ ಕೂರಿಸುವ ಸ್ಯಾಡಲ್ಲಿನ ಹತ್ತಿರ. ರಬ್ಬರ್ ಸರಿಯಾಗಿ ಕೂತಿರುವುದಿಲ್ಲ, ಇಲ್ಲವೇ ಬೋಲ್ಟನ್ನು ಒಂದೇ ಕಡೆ ಬಿಗಿ ಮಾಡಿರುತ್ತಾರೆ. ಪೈಪನ್ನು ಆಳಕ್ಕೆ ಹೂಳದೆ ಮೇಲೆಮೇಲೆ ಮಣ್ಣು ಎಳೆದ ಕಡೆ ಟ್ರ್ಯಾಕ್ಟರ್ ಚಕ್ರಕ್ಕೇ ಒಡೆಯುತ್ತದೆ. ಆಲೂರು, ಸಕಲೇಶಪುರದ ಕಡೆ ಆನೆ ತುಳಿದರಂತೂ ಕೇಳಬೇಡಿ. ಅಂದಾಜುಪಟ್ಟಿಯಲ್ಲಿ ಎಷ್ಟು ಆಳ ಎಂದು ಬರೆದಿದೆಯೋ ಅದನ್ನು ಗುಂಡಿ ತೆರೆದಿರುವಾಗಲೇ ಊರಿನವರಿಗೆ ಓದಿ ಹೇಳಿದರೆ ಅಳತೆ ಕೋಲು ಹಿಡಿದು ನಿಲ್ಲುವವರಿಗೆ ಬರವಿಲ್ಲ. ಮುಚ್ಚಿದ ಮೇಲೆ ಯಾವ ಪರಿಶೀಲನಾ ಸಂಸ್ಥೆ ಬಂದರೂ ಕಾಣುವುದು ಮಣ್ಣು ಮಾತ್ರ.

ದಿನಕ್ಕೆ ಒಂದಿಷ್ಟು ಹೊತ್ತು ಮಾತ್ರ ನೀರು ಬಿಡುವ ಪದ್ಧತಿಯಲ್ಲಿ ಈ ಸೋರಿಕೆಗೆ ಇನ್ನೊಂದು ಮುಖವಿದೆ. ನೀರು ನಿಂತಾಗ ಪೈಪು ಖಾಲಿಯಾಗಿ ಒಳಗೆ ಎಳೆತ ಹುಟ್ಟುತ್ತದೆ. ಯಾವ ಸಂದಿಯಿಂದ ನೀರು ಹೊರಗೆ ಹೋಗುತ್ತಿತ್ತೋ ಅದೇ ಸಂದಿಯಿಂದ ಚರಂಡಿ ನೀರು ಒಳಗೆ ಬರುತ್ತದೆ. ನಲ್ಲಿಗೆ ಮೋಟಾರ್ ಹಾಕಿ ಎಳೆಯುವ ಮನೆಗಳು ಇದನ್ನು ಇನ್ನಷ್ಟು ಹೆಚ್ಚಿಸುತ್ತವೆ. ಪಕ್ಕದ ಮನೆಯ ನೀರು ಕದಿಯುವುದಷ್ಟೇ ಅಲ್ಲ, ಚರಂಡಿಯನ್ನೂ ಎಳೆದುಕೊಂಡು ಕುಡಿಯುತ್ತಿದ್ದಾರೆ ಎಂದು ಆ ಮನೆಗಳಿಗೆ ಯಾರಾದರೂ ಬಿಡಿಸಿ ಹೇಳಬೇಕು.

ಈಗ ಗುಣಮಟ್ಟ. ಇಲ್ಲಿ ನಮ್ಮ ಜಿಲ್ಲೆ ಎರಡು ಬೇರೆ ಬೇರೆ ಜಿಲ್ಲೆಗಳಿದ್ದ ಹಾಗೆ. ಅರಸೀಕೆರೆಯ ಬಯಲಿನಲ್ಲಿ ತೊಂದರೆ ಫ್ಲೋರೈಡು, ಸಕಲೇಶಪುರದ ಕಡೆ ತೊಂದರೆ ಮಳೆಗಾಲದ ಕದಡು ಮತ್ತು ಬ್ಯಾಕ್ಟೀರಿಯಾ. ಎರಡೂ ಕಡೆಗೆ ಒಂದೇ ನಮೂನೆ ಕೊಟ್ಟು ತುಂಬಿ ಕಳಿಸಿ ಎಂದರೆ ಯಾವುದೂ ಸಿಗುವುದಿಲ್ಲ.

ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಮಾನಕ. ಪರೀಕ್ಷೆಗೆ ನೀರು ಹಿಡಿಯುವುದು ಟ್ಯಾಂಕಿನ ನಲ್ಲಿಯಲ್ಲಿ, ಅದೂ ಬಹುತೇಕ ಮಳೆಗಾಲ ಕಳೆದ ಮೇಲೆ. ಎರಡು ಬೋರಿನ ನೀರು ಬೆರೆತ ಟ್ಯಾಂಕಿನಲ್ಲಿ 1.3 ಬಂದರೆ ಸಮಾಧಾನಪಡುವುದು ತಪ್ಪು. ಒಂದು ಬೋರಿನಲ್ಲಿ 0.5, ಇನ್ನೊಂದರಲ್ಲಿ 2.1 ಇದ್ದರೂ ಸಮಸಮ ಬೆರೆತಾಗ 1.3 ಬರುತ್ತದೆ. ಮಾರ್ಚಿನಲ್ಲಿ ಒಳ್ಳೆಯ ಬೋರು ಬತ್ತಿದ ದಿನದಿಂದ ಊರು ಕುಡಿಯುವುದು 2.1. ಆದ್ದರಿಂದ ಬೋರು ಬೋರಿಗೂ ಬೇರೆ ಬಾಟಲಿ, ಮೇ ತಿಂಗಳಲ್ಲಿ ಒಮ್ಮೆ, ಮಳೆಯಾದ ಮೇಲೆ ಒಮ್ಮೆ. ಬಾಟಲಿ ಪ್ಲಾಸ್ಟಿಕ್ಕಿನದಾಗಿರಲಿ, ಫ್ಲೋರೈಡಿಗೆ ಗಾಜು ಸಲ್ಲದು. ಟಿಡಿಎಸ್ ಪೆನ್ನು ಅದ್ದಿ ‘350 ಇದೆ, ಒಳ್ಳೇ ನೀರು’ ಎನ್ನುವವರು ಊರಿಗೆ ಇಬ್ಬರು ಸಿಗುತ್ತಾರೆ. ಆ ಪೆನ್ನು ಕರಗಿದ ಎಲ್ಲ ಲವಣಗಳ ಮೊತ್ತ ಹೇಳುತ್ತದೆ, ಅದರಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಇದನ್ನು ಅಂಗನವಾಡಿಯ ಗೋಡೆಯ ಮೇಲೆ ಬರೆಸಿದರೆ ಬಣ್ಣದ ದುಡ್ಡಿಗೆ ಮೋಸವಿಲ್ಲ.

ಮಲೆನಾಡಿನ ಬದಿಯಲ್ಲಿ ಅಬ್ಬಿ (ಗುಡ್ಡದ ಝರಿ) ನೀರನ್ನು ಪೈಪಿನಲ್ಲಿ ಇಳಿಸಿ ತರುವ ಊರುಗಳಿವೆ. ಮೋಟಾರಿಲ್ಲ, ಕರೆಂಟಿಲ್ಲ. ಅಲ್ಲಿ ಕೆಡುವುದು ಬೇರೆ: ನೀರು ಹಿಡಿಯುವ ಬಾಯಿಗೆ ಎಲೆ ಕಟ್ಟಿಕೊಳ್ಳುತ್ತದೆ, ಪೈಪಿನ ಏರಿನಲ್ಲಿ ಗಾಳಿ ಹಿಡಿದು ನೀರು ನಿಲ್ಲುತ್ತದೆ, ತಗ್ಗಿನಲ್ಲಿ ಹೂಳು ಕೂರುತ್ತದೆ. ಏರಿಗೆ ಏರ್ ವಾಲ್ವ್, ತಗ್ಗಿಗೆ ಕೊಳೆ ಬಿಡುವ ವಾಲ್ವ್ ಇದ್ದರೆ ಮುಕ್ಕಾಲು ರಿಪೇರಿ ತಪ್ಪುತ್ತದೆ. ಯಾವ ಅಬ್ಬಿ ಶಿವರಾತ್ರಿಗೆ ನಿಲ್ಲುತ್ತದೆ, ಯಾವುದು ಯುಗಾದಿ ದಾಟಿಯೂ ಹರಿಯುತ್ತದೆ ಎಂಬುದು ಅಲ್ಲಿನ ಹಿರಿಯರ ಬಾಯಲ್ಲಿದೆ, ನಕ್ಷೆಯಲ್ಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಕ್ಟೀರಿಯಾ ಪರೀಕ್ಷೆಯ ಎಚ್‌ಟುಎಸ್ ಬಾಟಲಿ (ನೀರು ಕೆಟ್ಟಿದ್ದರೆ ಅದರಲ್ಲಿ ಕಪ್ಪಾಗುತ್ತದೆ) ಬಳಸುವಾಗ ಒಂದು ಮಾತು ನೆನಪಿರಲಿ. ಚಳಿಯಲ್ಲಿ 24 ಗಂಟೆಗೆ ಕಪ್ಪಾಗದ ನೀರು 48 ಗಂಟೆಗೆ ಕಪ್ಪಾಗುವುದುಂಟು. ಬಾಟಲಿಯನ್ನು ಬಟ್ಟೆ ಸುತ್ತಿ ಒಲೆಗೆ ಸ್ವಲ್ಪ ದೂರದ ಬೆಚ್ಚಗಿನ ಜಾಗದಲ್ಲಿಟ್ಟು ಎರಡು ದಿನ ಪೂರ್ತಿ ಕಾಯಬೇಕು. ಮರುದಿನವೇ ನೋಡಿ ‘ಸರಿ ಇದೆ’ ಎಂದು ಬರೆದ ಫಲಿತಾಂಶಕ್ಕೆ ಬೆಲೆಯಿಲ್ಲ.

ಬ್ಲೀಚಿಂಗ್ ಪುಡಿಯ ಲೆಕ್ಕವೂ ಬಾಯಿಮಾತಿನಲ್ಲೇ ನಡೆದಿದೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಹಾಕಬೇಕಾದರೆ 50,000 ಲೀಟರಿಗೆ 100 ಗ್ರಾಂ ಕ್ಲೋರಿನ್. ಪುಡಿಯಲ್ಲಿ ಶೇ 25 ಇದ್ದರೆ 400 ಗ್ರಾಂ ಪುಡಿ; ಬಾಯಿ ಬಿಚ್ಚಿದ ಚೀಲದಲ್ಲಿ ಗಾಳಿ ತಗುಲಿ ಶೇ 10ಕ್ಕೆ ಇಳಿದಿದ್ದರೆ ಒಂದು ಕೆ.ಜಿ. ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ತಿಳಿಯಾಗಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಹಾಕಿದ್ದು ಸಾಕೋ ಎಂದು ಹೇಳುವುದು ಟ್ಯಾಂಕಲ್ಲ, ಕೊನೆಯ ನಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಬಳಿ ಚೆನ್ನಾಗಿದ್ದು ಕೊನೆಯ ನಲ್ಲಿಯಲ್ಲಿ ಸೊನ್ನೆ ಬಂದರೆ ದಾರಿಯಲ್ಲಿ ಎಲ್ಲೋ ಕೊಳಕು ಸೇರಿ ಕ್ಲೋರಿನ್ನನ್ನು ತಿಂದಿದೆ ಎಂಬ ಅನುಮಾನ ಬರಬೇಕು.

ಈ ಪರೀಕ್ಷೆ ಮಾಡಲೆಂದು ಪ್ರತಿ ಊರಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು ಕಿಟ್ ಕೊಡಬೇಕೆಂಬ ವ್ಯವಸ್ಥೆ ಯೋಜನೆಯಲ್ಲೇ ಇದೆ. ಕಿಟ್ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿ ನೋಡಿ. ಪಂಚಾಯಿತಿಯ ಬೀರುವಿನ ಮೇಲಿರುತ್ತದೆ. ಒಳಗಿನ ದ್ರಾವಣದ ಅವಧಿ ಮುಗಿದಿರುತ್ತದೆ. ಬಣ್ಣ ಹೋಲಿಸುವ ಚಾರ್ಟು ಮಾಸಿರುತ್ತದೆ. ಇದ್ದ ಕಡೆಯೂ ಟ್ಯೂಬ್‌ಲೈಟಿನ ಕೆಳಗೆ ಬಣ್ಣ ನೋಡಿ ಬರೆಯುತ್ತಾರೆ; ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮುಂದೆ ಹಿಡಿದು ನೋಡಬೇಕು. ಎಲ್ಲಕ್ಕಿಂತ ದೊಡ್ಡ ಕೊರತೆ ಎಂದರೆ, ಬರೆದು ಕೊಟ್ಟ ಫಲಿತಾಂಶಕ್ಕೆ ಮರುಮಾತು ಬರುವುದಿಲ್ಲ. ಮೂರು ಸಲ ‘ಫ್ಲೋರೈಡ್ ಹೆಚ್ಚು’ ಎಂದು ಬರೆದು ಏನೂ ಆಗದಿದ್ದರೆ ನಾಲ್ಕನೇ ಸಲ ಯಾರು ಬರೆಯುತ್ತಾರೆ? ಜನರಿಗೆ ಆಸಕ್ತಿಯಿಲ್ಲ ಎಂದು ಆಮೇಲೆ ವರದಿಯಾಗುತ್ತದೆ.

ಸೇವೆ ಎಂಬುದು ಸೋಪಿನ ಹಾಗಲ್ಲ, ಕಾರ್ಖಾನೆಯಲ್ಲಿ ತಯಾರಾಗಿ ಬಂದು ಕೈ ಸೇರುವುದಲ್ಲ. ಪಡೆಯುವವರು ಕೈಜೋಡಿಸದೆ ಅದು ತಯಾರಾಗುವುದೇ ಇಲ್ಲ ಎಂಬುದನ್ನು 1970ರ ದಶಕದಲ್ಲಿ ಅಮೆರಿಕದ ಪೊಲೀಸ್ ಸೇವೆಯನ್ನು ಅಭ್ಯಾಸ ಮಾಡಿದ ಎಲಿನಾರ್ ಆಸ್ಟ್ರಮ್ ಮತ್ತು ಜೊತೆಗಾರರು ತೋರಿಸಿದರು. ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸೇವೆಗೆ ಅಂಕ ಕೊಡುವ ವಿದ್ಯೆಗೆ ಅಮೆರಿಕಕ್ಕೂ ಹೋಗಬೇಕಾಗಿಲ್ಲ. 1993ರಲ್ಲಿ ಬೆಂಗಳೂರಿನಲ್ಲೇ ಸ್ಯಾಮುಯೆಲ್ ಪಾಲ್ ಮತ್ತು ಸಂಗಡಿಗರು ನೀರು, ವಿದ್ಯುತ್ತು, ದೂರವಾಣಿ ಮುಂತಾದ ಸೇವೆಗಳಿಗೆ ನಾಗರಿಕರಿಂದಲೇ ಅಂಕಪಟ್ಟಿ ಕೊಡಿಸಿದ್ದರು. ಆದರೆ ಹಳ್ಳಿಗೆ ಹೊಂದುವುದು 2002ರಲ್ಲಿ ಆಫ್ರಿಕಾದ ಮಲಾವಿಯಲ್ಲಿ ಶುರುವಾದ ಪದ್ಧತಿ. ಅಲ್ಲಿ ಸೇವೆ ಪಡೆಯುವವರು ಒಂದು ಕಡೆ ಕೂತು ಅಂಕ ಕೊಡುತ್ತಾರೆ, ಸೇವೆ ಕೊಡುವವರು ಇನ್ನೊಂದು ಕಡೆ ಕೂತು ತಮ್ಮ ಕೆಲಸಕ್ಕೆ ತಾವೇ ಅಂಕ ಕೊಟ್ಟುಕೊಳ್ಳುತ್ತಾರೆ, ಆಮೇಲೆ ಎರಡು ಪಟ್ಟಿಯನ್ನೂ ಎದುರುಬದುರು ಇಟ್ಟು ಮಾತಾಡುತ್ತಾರೆ. ಜಗಳವಾಗದೇ? ಆಗುತ್ತದೆ. ನೀರುಗಂಟಿಯ ಪಟ್ಟಿಯಲ್ಲಿ ‘ಹನ್ನೊಂದು ಮನೆಯವರು ನಲ್ಲಿಗೆ ಮೋಟಾರ್ ಹಾಕಿದ್ದಾರೆ, ಪ್ಯಾನಲ್ ಬೋರ್ಡು ಮಳೆಗೆ ನೆನೆಯುತ್ತದೆ, ನಾಲ್ಕು ತಿಂಗಳ ಸಂಬಳ ಬಂದಿಲ್ಲ’ ಎಂದಿದ್ದರೆ ಊರಿನವರೂ ಪಂಚಾಯಿತಿಯವರೂ ಇಬ್ಬರೂ ತಲೆ ತಗ್ಗಿಸಬೇಕಾಗುತ್ತದೆ. ಅಷ್ಟಾದರೂ ಆಗಲಿ.

ಒಂದು ಎಚ್ಚರಿಕೆಯ ಮಾತು. ಸಹಭಾಗಿತ್ವ ಎಂದರೆ ಇಲಾಖೆಯ ಕೆಲಸವನ್ನು ಸಂಬಳವಿಲ್ಲದೆ ಊರಿನ ಹೆಂಗಸರ ತಲೆಗೆ ಕಟ್ಟುವುದಲ್ಲ. ಊರೊಳಗಿನ ಕಾಮಗಾರಿಯ ಬಂಡವಾಳದಲ್ಲಿ ಬಯಲುಸೀಮೆಯ ಊರು ಶೇ 10, ಗುಡ್ಡಗಾಡಿನ ಊರು ಮತ್ತು ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರು ಶೇ 5 ವಂತಿಗೆ ಕೊಡಬೇಕು ಎಂದಿದೆ. ಕೊಟ್ಟವರಿಗೆ ಕೇಳುವ ಹಕ್ಕೂ ಇದೆ. ಅಳೆಯುವುದು, ಪುಸ್ತಕದಲ್ಲಿ ಬರೆಯುವುದು, ನಲ್ಲಿ ಮುಚ್ಚುವುದು, ಮೋಟಾರ್ ಕಿತ್ತಿಡುವುದು, ತಿಂಗಳ ನೀರಿನ ಕಂದಾಯ ಕಟ್ಟುವುದು ಊರಿನ ಪಾಲು. ನೀರುಗಂಟಿಯ ಸಂಬಳ, ಕರೆಂಟು ಬಿಲ್ಲು, ಪುಡಿ, ಕಿಟ್‌ನ ದ್ರಾವಣ ಪಂಚಾಯಿತಿಯ ಪಾಲು. 5 ಎಚ್‌ಪಿ ಮೋಟಾರು ಎಂಟು ಗಂಟೆ ಓಡಿದರೆ ದಿನಕ್ಕೆ ಹೆಚ್ಚುಕಡಿಮೆ 30 ಯೂನಿಟ್, ತಿಂಗಳಿಗೆ 900. ಈ ಲೆಕ್ಕವನ್ನು ಊರಿನ ಮುಂದೆ ಇಟ್ಟು ಕಂದಾಯ ಕೇಳಿದರೆ ಕೊಡುವವರು ಹೆಚ್ಚುತ್ತಾರೆ, ಬರೀ ನೋಟಿಸಿಗೆ ಅಲ್ಲ. ವಿನ್ಯಾಸ, ನಕ್ಷೆ, ಕಳಪೆ ಕಾಮಗಾರಿ ಸರಿಪಡಿಸುವುದು ಎಂಜಿನಿಯರ್‌ಗಳ ಪಾಲು. ಇದರಲ್ಲಿ ಒಬ್ಬರದನ್ನು ಇನ್ನೊಬ್ಬರ ಮೇಲೆ ಹಾಕಬಾರದು.

ಆದ್ದರಿಂದ ತಮ್ಮಲ್ಲಿ ನಮ್ಮ ಕೋರಿಕೆ ಹೀಗಿದೆ. ಹಸ್ತಾಂತರದ ಪತ್ರಕ್ಕೆ ಸಹಿ ಹಾಕುವ ಮೊದಲು ಸತತ ಏಳು ದಿನ ನೀರು ಬಿಟ್ಟು, ಮೇಲೆ ಹೇಳಿದ ಮನೆಗಳಲ್ಲಿ ಬಕೆಟ್ ಅಳತೆ, ಒಂದು ರಾತ್ರಿ ಸೋರಿಕೆಯ ಅಳತೆ, ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಅಳತೆ ಆಗಲಿ; ಆ ಹಾಳೆಗೆ ನೀರುಗಂಟಿ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಇಬ್ಬರು ಮಹಿಳೆಯರು ಮತ್ತು ಎಂಜಿನಿಯರ್ ಒಟ್ಟಿಗೆ ಸಹಿ ಹಾಕಲಿ. ಅತಿ ಕಡಿಮೆ ಬಂದ ಮನೆಗೆ ತಲೆಗೆ 55 ಲೀಟರ್ ದಕ್ಕದಿದ್ದರೆ ಹಸ್ತಾಂತರ ಬೇಡ. ಈಗಾಗಲೇ ಹಸ್ತಾಂತರವಾದ ಊರುಗಳಲ್ಲಿ ವರ್ಷಕ್ಕೆ ಎರಡು ಸಲ, ಮೇ ಮತ್ತು ಅಕ್ಟೋಬರ್‌ನಲ್ಲಿ, ಇದೇ ಅಳತೆ ನಡೆಯಲಿ. ಅಳತೆಯ ಸಭೆಯನ್ನು ಸಂಜೆ ಡೇರಿಗೆ ಹಾಲು ಹಾಕಿದ ಮೇಲೆ ಊರೂರಿನಲ್ಲೇ ಇಟ್ಟುಕೊಳ್ಳಿ. ರಾಗಿ ಕಟಾವಿನಲ್ಲೋ ಕಾಫಿ ಕುಯ್ಲಿನಲ್ಲೋ, ಬೆಳಿಗ್ಗೆ ಹನ್ನೊಂದಕ್ಕೆ, ಪಂಚಾಯಿತಿ ಕೇಂದ್ರದಲ್ಲಿ ಕರೆದು ಕೋರಂ ಇಲ್ಲ ಎನ್ನುವುದು ಬೇಡ. ಫಲಿತಾಂಶವನ್ನು ಡೇರಿಯ ಗೋಡೆಗೆ ಅಂಟಿಸಿ. ಪ್ರತಿ ಕೊರತೆಯ ಮುಂದೆ ಯಾರು, ಯಾವ ತಾರೀಕಿನೊಳಗೆ ಸರಿಪಡಿಸುತ್ತಾರೆ ಎಂಬುದಿರಲಿ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 30ರಷ್ಟನ್ನು ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ ಕಟ್ಟಿ ಇಟ್ಟಿತ್ತು; ಅದರಿಂದ ಯಾವ ಊರಿನ ಯಾವ ಬೋರಿಗೆ, ಯಾವ ವಾಲ್ವ್‌ಗೆ ಎಷ್ಟು ಖರ್ಚಾಯಿತು ಎಂಬ ಪಟ್ಟಿಯೂ ಪಕ್ಕದಲ್ಲೇ ಇರಲಿ. ಮತ್ತೆ, ಪ್ರತಿ ಊರಿನ ಪೈಪು ಎಲ್ಲಿ ಹಾದಿದೆ, ವಾಲ್ವ್ ಎಲ್ಲಿದೆ ಎಂಬ ನಕ್ಷೆಯ ಒಂದು ಪ್ರತಿ ನೀರುಗಂಟಿಯ ಕೈಗೆ ಬರಬೇಕು. ಎಷ್ಟೋ ಊರಿನಲ್ಲಿ ಆ ನಕ್ಷೆ ಇರುವುದು ಗುತ್ತಿಗೆದಾರನ ಮೇಸ್ತ್ರಿಯ ನೆನಪಿನಲ್ಲಿ ಮಾತ್ರ.

ಬಕೆಟ್ಟು, ಮೊಬೈಲು, ಕೋಲು, ಪುಸ್ತಕ ನಮ್ಮ ಕಡೆ ಸಿದ್ಧವಿವೆ. ತಮ್ಮ ಕಡೆಯಿಂದ ನಕ್ಷೆ, ಅವಧಿ ಮುಗಿಯದ ಕಿಟ್ ಮತ್ತು ಚೀಟಿ ಎತ್ತಲು ಒಂದು ದಿನ ಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಅರಸೀಕೆರೆ, ಬೇಲೂರು, ಆಲೂರು ಮತ್ತು ಸಕಲೇಶಪುರ ಕಡೆಯ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳ ಕೆಲವು ಸದಸ್ಯರು ಹಾಗೂ ನೀರುಗಂಟಿಗಳು